ಪವರ್ ಪ್ಲಾಂಟ್ ಟ್ರಾನ್ಸ್‌ಫಾರ್ಮರ್ ಜಾಸ್ತಿ ಬಿಸಿಯಾದರೆ ಕಾರಣ ಹುಡುಕುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಟ್ರಾನ್ಸ್‌ಫಾರ್ಮರ್ ಬಿಸಿಯಾಗುವುದು ದೋಷವಲ್ಲ, ಅದರ ಸ್ವಭಾವ. ಎಣ್ಣೆ 75 ಡಿಗ್ರಿ ತೋರಿಸುತ್ತಿದ್ದರೂ ಎಲ್ಲ ಸರಿಯಾಗಿಯೇ ಇರಬಹುದು. 60 ಡಿಗ್ರಿ ಇದ್ದರೂ ಒಳಗೆ ಒಂದು ಜಾಯಿಂಟ್ ಸುಡುತ್ತಿರಬಹುದು. ಹಾಗಾಗಿ ‘ಎಷ್ಟು ಬಿಸಿ ಇದೆ’ ಅನ್ನುವುದು ಅರ್ಧ ಪ್ರಶ್ನೆ. ಈ ಲೋಡಿಗೆ, ಈ ಹೊತ್ತಿನ ಹವೆಗೆ, ಇಷ್ಟು ಫ್ಯಾನ್ ಓಡುತ್ತಿರುವಾಗ ಎಷ್ಟು ಬಿಸಿ ಇರಬೇಕಿತ್ತು ಅನ್ನುವುದು ಪೂರ್ತಿ ಪ್ರಶ್ನೆ.

ಇನ್ನೊಂದು ವಿಷಯವನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಬಿಸಿಯ ತೊಂದರೆಯಲ್ಲಿ ಎರಡು ಜಾತಿ. ಒಂದರಲ್ಲಿ ಎಣ್ಣೆಯೆಲ್ಲ ಬಿಸಿ. ಇದು ಮೈಯೆಲ್ಲ ಜ್ವರ ಬಂದ ಹಾಗೆ. ಇನ್ನೊಂದು ಹಲ್ಲುನೋವಿನ ಹಾಗೆ, ಒಂದೇ ಜಾಗದಲ್ಲಿ ಉರಿ. ಮೊದಲನೆಯದಕ್ಕೆ ಕಾರಣ ಸಾಮಾನ್ಯವಾಗಿ ಟ್ಯಾಂಕಿನ ಹೊರಗಿರುತ್ತದೆ: ಗೇಜ್, ಲೋಡ್, ಕೂಲಿಂಗ್. ಎರಡನೆಯದರ ಕಾರಣ ಹೆಚ್ಚಾಗಿ ಒಳಗಿರುತ್ತದೆ, ಥರ್ಮಾಮೀಟರಿಗೆ ಕಾಣುವುದೇ ಇಲ್ಲ. ನೂರಾರು ಟನ್ ತೂಗುವ ಟ್ರಾನ್ಸ್‌ಫಾರ್ಮರಿನಲ್ಲಿ ಕೆಲವು ಕಿಲೋವ್ಯಾಟ್ ಜಾಸ್ತಿ ಶಾಖ ಹುಟ್ಟಿದರೆ ಎಣ್ಣೆಯ ಸರಾಸರಿ ಬಿಸಿ ಅಲುಗಾಡುವುದೂ ಇಲ್ಲ. ಅದನ್ನು ಹಿಡಿಯುವುದು ಎಣ್ಣೆಯಲ್ಲಿ ಕರಗಿದ ಗ್ಯಾಸ್. ಯಾವ ಜಾತಿ ಅಂತ ತಿಳಿಯುವ ಮೊದಲೇ ಟ್ಯಾಂಕ್ ತೆರೆಯುವ ಮಾತು ಬೇಡ.

ಪವರ್ ಪ್ಲಾಂಟಿನ ಜನರೇಟರ್ ಟ್ರಾನ್ಸ್‌ಫಾರ್ಮರಿಗೆ ಇದು ಇನ್ನೂ ಮುಖ್ಯ. ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರಿಗೆ ರಾತ್ರಿ ಲೋಡ್ ಇಳಿದು ಸ್ವಲ್ಪ ಉಸಿರು ಸಿಗುತ್ತದೆ. ಇದಕ್ಕೆ ಯೂನಿಟ್ ಓಡುವಷ್ಟು ದಿನವೂ ಹೆಚ್ಚುಕಡಿಮೆ ಪೂರ್ತಿ ಲೋಡ್. ಕರೆಂಟೂ ಭಾರಿ: 600 ಎಂವಿಎ, 21 ಕೆವಿ ಅಂದರೆ ಎಲ್‌ವಿ (ಕಡಿಮೆ ವೋಲ್ಟೇಜ್) ಕಡೆ ಸುಮಾರು 16,500 ಆಂಪಿಯರ್.

ಕೈ ಹಾಕುವ ಮೊದಲು

ಚಾಲೂ ಇರುವ ಟ್ರಾನ್ಸ್‌ಫಾರ್ಮರಿನ ಮೇಲೆ ಹತ್ತಬೇಡಿ. ಆಟೋ ಮೋಡಿನಲ್ಲಿರುವ ಫ್ಯಾನ್ ಹೇಳದೆ ಕೇಳದೆ ಶುರುವಾಗುತ್ತದೆ. ಅದರ ಹತ್ತಿರ ಕೈ ಹಾಕುವುದಿದ್ದರೆ ಸಪ್ಲೈ ತೆಗೆಸಿ, ಟ್ಯಾಗ್ ಹಾಕಿ. ವೈಂಡಿಂಗ್ (ಒಳಗಿನ ತಂತಿ ಸುರುಳಿ) ಗೇಜಿಗೆ ಸಿಟಿಯಿಂದ, ಅಂದರೆ ಕರೆಂಟ್ ಅಳೆಯಲು ಬಳಸುವ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ, ಕರೆಂಟ್ ಬರುತ್ತದೆ. ಲೋಡ್ ಇರುವಾಗ ಆ ವೈರ್ ಬಿಚ್ಚಿದರೆ ತೆರೆದ ತುದಿಗಳಲ್ಲಿ ಅಪಾಯದ ವೋಲ್ಟೇಜ್ ಹುಟ್ಟುತ್ತದೆ. ಸಿಟಿಯನ್ನು ಶಾರ್ಟ್ ಮಾಡದೆ ಸ್ಕ್ರೂ ಮುಟ್ಟಬೇಡಿ.

ಬುಖೋಲ್ಜ್ ರಿಲೇಯಲ್ಲಿ (ಎಣ್ಣೆಯಿಂದ ಏಳುವ ಗ್ಯಾಸ್ ಹಿಡಿದು ಎಚ್ಚರಿಸುವ ಸಾಧನ) ಗ್ಯಾಸ್ ಅಲಾರಂ ಬಂದಿದ್ದರೆ, ಒಳಗೆ ಸಿಡಿಯುವ ಸದ್ದು ಕೇಳುತ್ತಿದ್ದರೆ, ಈ ಹಂತಗಳನ್ನೆಲ್ಲ ಓದುತ್ತ ಕೂರುವ ಸಮಯ ಅದಲ್ಲ. ಪ್ಲಾಂಟಿನ ನಿಯಮದಂತೆ ಲೋಡ್ ಇಳಿಸಿ, ಯೂನಿಟ್ ಬೇರ್ಪಡಿಸಿ, ಆಮೇಲೆ ಹುಡುಕಿ.

ಹಂತ 1: ಗೇಜನ್ನೇ ಅನುಮಾನಿಸಿ

ಒಂದೇ ಬಿಸಿಯನ್ನು ಮೂರು ಕಡೆ ಓದಬಹುದು: ಟ್ಯಾಂಕ್ ಪಕ್ಕದ ಡಯಲ್, ಕಂಟ್ರೋಲ್ ರೂಮಿನ ರಿಮೋಟ್ ರೀಡಿಂಗ್, ಟ್ಯಾಂಕ್ ಮೇಲ್ಭಾಗಕ್ಕೆ ಹಿಡಿದ ಥರ್ಮಲ್ ಕ್ಯಾಮೆರಾ. ಟ್ಯಾಂಕಿನ ಗೋಡೆ ಒಳಗಿನ ಎಣ್ಣೆಗಿಂತ ಸ್ವಲ್ಪ ತಣ್ಣಗಿರುತ್ತದೆ. ಆದರೆ ಕೆಲವೇ ಡಿಗ್ರಿ. ಡಯಲ್ 92 ಅಂತಿದ್ದು ಗೋಡೆ 65 ಇದ್ದರೆ ತಪ್ಪು ಡಯಲ್‌ನದ್ದು.

ಕಂಟ್ರೋಲ್ ರೂಮಿಗೆ ಸಿಗ್ನಲ್ ಬರುವುದು ಸಾಮಾನ್ಯವಾಗಿ ಪಿಟಿ100 ಸೆನ್ಸರಿನಿಂದ. 0 ಡಿಗ್ರಿಯಲ್ಲಿ ಅದರ ರೆಸಿಸ್ಟೆನ್ಸ್ 100 ಓಂ, 100 ಡಿಗ್ರಿಯಲ್ಲಿ 138.5 ಓಂ. ಅಂದರೆ ಡಿಗ್ರಿಗೆ ಸುಮಾರು 0.385 ಓಂ. ಟರ್ಮಿನಲ್ ಸಡಿಲಾಗಿಯೋ ತುಕ್ಕು ಹಿಡಿದೋ ಒಂದೇ ಒಂದು ಓಂ ಜಾಸ್ತಿಯಾದರೆ ಸ್ಕ್ರೀನಿನಲ್ಲಿ ಎರಡೂವರೆ ಡಿಗ್ರಿಗಿಂತ ಹೆಚ್ಚು ಏರುತ್ತದೆ. ಮೂರು ವೈರಿನ ಸೆನ್ಸರನ್ನು ಎರಡು ವೈರಿನ ಹಾಗೆ ಜೋಡಿಸಿದ್ದರೆ ಉದ್ದ ಕೇಬಲ್ಲಿನ ರೆಸಿಸ್ಟೆನ್ಸ್ ಪೂರ್ತಿ ಬಿಸಿಯಾಗಿ ಕಾಣುತ್ತದೆ. ಮಲ್ಟಿಮೀಟರ್ ಹಿಡಿದು ಟ್ಯಾಂಕ್ ಪಕ್ಕದಲ್ಲೇ ಓಂ ಅಳೆದು ನೋಡಿ. ಅಲ್ಲಿ 127 ಓಂ ಬಂದರೆ ಬಿಸಿ 70 ಡಿಗ್ರಿ, ಸ್ಕ್ರೀನ್ ಏನೇ ಹೇಳಲಿ. ಇದರ ಟರ್ಮಿನಲ್ ಬಿಚ್ಚುವ ಮೊದಲು ಆ ಸಿಗ್ನಲ್ಲಿಗೆ ಟ್ರಿಪ್ ಜೋಡಿಸಿದ್ದಾರಾ ಅಂತ ಡ್ರಾಯಿಂಗ್ ನೋಡಿಕೊಳ್ಳಿ. ಸರ್ಕ್ಯೂಟ್ ತೆರೆದುಕೊಂಡರೆ ಸ್ಕ್ರೀನಿನಲ್ಲಿ ಬಿಸಿ ಮೇಲಿನ ತುದಿಗೆ ಹಾರಬಹುದು, ಯೂನಿಟ್ ಸುಮ್ನೆ ಬಿದ್ದುಹೋಗುತ್ತದೆ.

ವೈಂಡಿಂಗ್ ಗೇಜ್ ಬಗ್ಗೆ ಒಂದು ಮಾತು. ಅದು ಹೆಚ್ಚಿನ ಕಡೆ ವೈಂಡಿಂಗಿನ ಬಿಸಿಯನ್ನು ಅಳೆಯುವುದೇ ಇಲ್ಲ. ಎಣ್ಣೆಯ ಬಿಸಿಗೆ, ಸಿಟಿ ಕರೆಂಟಿನಿಂದ ಕಾಯುವ ಸಣ್ಣ ಹೀಟರಿನ ಬಿಸಿಯನ್ನು ಸೇರಿಸಿ ಅಂದಾಜು ಹೇಳುತ್ತದೆ. ಫೈಬರ್ ಆಪ್ಟಿಕ್ ಸೆನ್ಸರ್ ಇದ್ದರೆ ಮಾತ್ರ ನೇರ ಅಳತೆ. ಪೂರ್ತಿ ಲೋಡಿನಲ್ಲೂ ಎಣ್ಣೆ ಗೇಜ್, ವೈಂಡಿಂಗ್ ಗೇಜ್ ಎರಡೂ ಒಂದೇ ಅಂಕಿ ತೋರಿಸುತ್ತಿದ್ದರೆ ಖುಷಿಪಡಬೇಡಿ, ಹೀಟರ್ ಸರ್ಕ್ಯೂಟ್ ಸತ್ತಿದೆ. ಆಗ ನಿಮ್ಮ ವೈಂಡಿಂಗ್ ಅಲಾರಂ ಕೂಡ ಸತ್ತ ಹಾಗೆಯೇ.

ಹಂತ 2: ಎಷ್ಟು ಇರಬೇಕಿತ್ತು ಅಂತ ಲೆಕ್ಕ ಹಾಕಿ

ಇದನ್ನು ಜಾಸ್ತಿ ಜನ ಮಾಡುವುದೇ ಇಲ್ಲ. ಮಾಡಿದರೆ ಅರ್ಧ ಜಗಳ ಇಲ್ಲೇ ಮುಗಿಯುತ್ತದೆ.

ಕಾರ್ಖಾನೆಯ ಹೀಟ್ ರನ್ ಟೆಸ್ಟ್ (ಎಷ್ಟು ಬಿಸಿಯಾಗುತ್ತದೆ ಅಂತ ಅಳೆಯುವ ಪರೀಕ್ಷೆ) ರಿಪೋರ್ಟ್ ತೆಗೆಯಿರಿ. ಅದರಿಂದ ಎರಡು ಅಂಕಿ ಬೇಕು: ಪೂರ್ತಿ ಲೋಡಿನಲ್ಲಿ ಮೇಲಿನ ಎಣ್ಣೆ ಹವೆಗಿಂತ ಎಷ್ಟು ಡಿಗ್ರಿ ಏರಿತ್ತು, ಮತ್ತು ಲೋಡ್ ಲಾಸ್ ನೋ-ಲೋಡ್ ಲಾಸಿನ ಎಷ್ಟು ಪಟ್ಟು ಇದೆ. ಲೋಡ್ ಲಾಸ್ ಅಂದರೆ ಲೋಡಿನ ಕರೆಂಟಿನಿಂದ ಶಾಖವಾಗಿ ಹೋಗುವ ಶಕ್ತಿ, ಅದು ಕರೆಂಟಿನ ವರ್ಗದಂತೆ ಬದಲಾಗುತ್ತದೆ. ನೋ-ಲೋಡ್ ಲಾಸ್ ಅಂದರೆ ಕೋರಿನಲ್ಲಿ (ವೈಂಡಿಂಗ್ ಸುತ್ತಿದ ಉಕ್ಕಿನ ತಿರುಳು) ಹೋಗುವ ಶಕ್ತಿ, ಅದು ಹಾಗೇ ಇರುತ್ತದೆ.

ಒಂದು ಉದಾಹರಣೆ. ಪಂಪ್ ಮತ್ತು ಫ್ಯಾನ್ ಇರುವ ಓಎಫ್‌ಎಎಫ್ ಟ್ರಾನ್ಸ್‌ಫಾರ್ಮರ್. ಪೂರ್ತಿ ಲೋಡಿನ ಏರಿಕೆ 50 ಡಿಗ್ರಿ, ಲಾಸ್ ಅನುಪಾತ 6. ಈಗಿನ ಲೋಡ್ 80 ಶೇಕಡಾ. ಲೋಡಿನ ವರ್ಗ 0.64. ಅದನ್ನು 6ರಿಂದ ಗುಣಿಸಿ 1 ಸೇರಿಸಿದರೆ 4.84. ಅದನ್ನು 7ರಿಂದ ಭಾಗಿಸಿದರೆ 0.69. 50 ಡಿಗ್ರಿಗೆ ಗುಣಿಸಿದರೆ ಸುಮಾರು 35 ಡಿಗ್ರಿ ಏರಿಕೆ. ಹವೆ 32 ಇದ್ದರೆ ಎಣ್ಣೆ 67ರ ಆಸುಪಾಸು ಇರಬೇಕು. ಗೇಜ್ 79 ತೋರಿಸುತ್ತಿದ್ದರೆ 12 ಡಿಗ್ರಿ ಎಲ್ಲಿಂದಲೋ ಬಂದಿದೆ. ಅಲಾರಂ ಬಂದಿಲ್ಲ ನಿಜ, ಆದರೆ ತೊಂದರೆ ಇದೆ. ಪಂಪ್ ಇಲ್ಲದ ಓಎನ್‌ಎಎನ್, ಓಎನ್‌ಎಎಫ್ ಟ್ರಾನ್ಸ್‌ಫಾರ್ಮರಾದರೆ ಆ 0.69ಕ್ಕೆ 0.8ರ ಘಾತ ಹಾಕಿ, ಆಮೇಲೆ ಗುಣಿಸಿ.

ಹೋಲಿಸುವ ಮೊದಲು ಕಾಯಿರಿ. ಲೋಡ್ ಬದಲಾದ ಮೇಲೆ ವೈಂಡಿಂಗ್ ಕೆಲವು ನಿಮಿಷಗಳಲ್ಲೇ ಹೊಸ ಮಟ್ಟದತ್ತ ಹೊರಡುತ್ತದೆ. ಎಣ್ಣೆ ನಿಧಾನ, ಅದು ಪೂರ್ತಿ ನೆಲೆಗೊಳ್ಳಲು ಹಲವು ಗಂಟೆ ಬೇಕು. ಹವೆಯನ್ನು ಅಳೆಯುವಾಗಲೂ ರೇಡಿಯೇಟರಿನ ಬಿಸಿಗಾಳಿ ತಾಗದ ನೆರಳಿನ ಜಾಗ ನೋಡಿ.

ಆ 12 ಡಿಗ್ರಿಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಾ? ಬೇಕು. ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆ) 60076-7 ಲೋಡಿಂಗ್ ಗೈಡಿನ ಲೆಕ್ಕದಲ್ಲಿ, ಸಾಮಾನ್ಯ ಕ್ರಾಫ್ಟ್ ಕಾಗದದ ಇನ್ಸುಲೇಷನ್ ಇರುವ ವೈಂಡಿಂಗಿನ ಅತಿ ಬಿಸಿಯ ಜಾಗ 98 ಡಿಗ್ರಿ ಇದ್ದರೆ ಕಾಗದ ಸಹಜ ವೇಗದಲ್ಲಿ ಹಳತಾಗುತ್ತದೆ. ಅದರ ಮೇಲೆ ಪ್ರತಿ 6 ಡಿಗ್ರಿಗೆ ಆ ವೇಗ ಎರಡು ಪಟ್ಟು. 12 ಡಿಗ್ರಿ ಜಾಸ್ತಿ ಅಂದರೆ ನಾಲ್ಕು ಪಟ್ಟು. ಎಣ್ಣೆಯನ್ನು ಬದಲಿಸಬಹುದು, ಸೋಸಬಹುದು. ವೈಂಡಿಂಗಿನೊಳಗಿನ ಕಾಗದಕ್ಕೆ ಅಂಥ ಯಾವ ಉಪಾಯವೂ ಇಲ್ಲ.

ಹಂತ 3: ಲೋಡ್ ಮತ್ತು ವೋಲ್ಟೇಜ್

ಮೆಗಾವ್ಯಾಟ್ ನೋಡಿ ‘ಲೋಡ್ ಅಷ್ಟೇ ಇದೆಯಲ್ಲ’ ಅನ್ನಬೇಡಿ. ಗ್ರಿಡ್ ಕೇಳಿತು ಅಂತ ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ವೋಲ್ಟೇಜ್ ಹಿಡಿದಿಡುವ ಪವರ್) ಏರಿಸಿದ್ದರೆ ಮೆಗಾವ್ಯಾಟ್ ಬದಲಾಗದೆ ಕರೆಂಟ್ ಏರಿರುತ್ತದೆ. ಮೂರೂ ಫೇಸಿನ ಕರೆಂಟ್ ಬೇರೆ ಬೇರೆಯಾಗಿ ಓದಿ.

ಆಮೇಲೆ ವೋಲ್ಟೇಜನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿ ನೋಡಿ. ಈ ಅನುಪಾತ ರೇಟಿಂಗಿಗಿಂತ 5 ಶೇಕಡಾ ಜಾಸ್ತಿಯಾಗುವವರೆಗೆ ಪೂರ್ತಿ ಲೋಡಿನಲ್ಲೂ ಓಡಬಹುದು ಅಂತ ಐಇಸಿ ಹೇಳುತ್ತದೆ. ದಾಟಿದರೆ ಕೋರ್ ಫ್ಲಕ್ಸಿನಿಂದ (ಕಾಂತ ಹರಿವು) ತುಂಬಿ, ಆ ಫ್ಲಕ್ಸ್ ಹೊರಗಿನ ಉಕ್ಕಿನ ಭಾಗಗಳಿಗೆ ಹರಿದು ಅಲ್ಲಿ ಬಿಸಿ ಹುಟ್ಟುತ್ತದೆ. ಯೂನಿಟ್ ಶುರುಮಾಡುವಾಗ ವೇಗ ಪೂರ್ತಿ ಬರುವ ಮೊದಲೇ ಎಕ್ಸೈಟೇಷನ್ (ಜನರೇಟರಿನ ಕಾಂತಕ್ಕೆ ಕೊಡುವ ಕರೆಂಟ್) ಕೊಟ್ಟರೆ ಇದೇ ಆಗುತ್ತದೆ, ಅದೂ ಲೋಡ್ ಸೊನ್ನೆ ಇರುವಾಗ.

ನ್ಯೂಟ್ರಲ್ ಮೂಲಕ ಡಿಸಿ ಹರಿದರೂ ಕೋರ್ ಒಂದು ಕಡೆಗೆ ತುಂಬುತ್ತದೆ. 1989ರ ಮಾರ್ಚ್ 13ರ ಸೌರ ಬಿರುಗಾಳಿಯಲ್ಲಿ ಅಮೆರಿಕದ ನ್ಯೂಜೆರ್ಸಿಯ ಸೇಲಂ ಅಣುವಿದ್ಯುತ್ ಸ್ಥಾವರದ ಜನರೇಟರ್ ಟ್ರಾನ್ಸ್‌ಫಾರ್ಮರ್ ಹೀಗೇ ಬಿಸಿಯಾಗಿ ಹಾಳಾಯಿತು. ಸದ್ದು ಒಮ್ಮೆಲೇ ಜೋರಾಗಿ, ಲೋಡ್ ಮಾತ್ರ ಹಾಗೇ ಇದ್ದರೆ ಈ ದಿಕ್ಕಿನಲ್ಲಿ ಯೋಚಿಸಿ.

ಹಂತ 4: ಕೂಲಿಂಗ್

ಎಣ್ಣೆಯೆಲ್ಲ ಬಿಸಿ, ಗೇಜ್ ಸರಿ, ಲೋಡ್ ಸರಿ ಅಂದರೆ ಕಳ್ಳ ಹೆಚ್ಚಾಗಿ ಇಲ್ಲೇ ಸಿಗುತ್ತಾನೆ. ನನ್ನ ಮಟ್ಟಿಗೆ ಒಳ್ಳೆಯ ಉಪಾಯ ಒಂದೇ: ರೇಡಿಯೇಟರಿನ ಮೇಲಿನ ಪೈಪ್ ಮತ್ತು ಕೆಳಗಿನ ಪೈಪ್, ಎರಡರ ಬಿಸಿ ಬರೆದುಕೊಳ್ಳಿ. ಹಿಂದಿನ ದಾಖಲೆಗೆ ಹೋಲಿಸಿ.

ಎರಡರ ನಡುವಿನ ಅಂತರ ಮೊದಲಿಗಿಂತ ಜಾಸ್ತಿಯಾಗಿದೆಯಾ? ಎಣ್ಣೆ ನಿಧಾನವಾಗಿ ಹರಿಯುತ್ತಿದೆ. ವಾಲ್ವ್, ಪಂಪ್, ಎಣ್ಣೆಯ ಮಟ್ಟ ನೋಡಿ. ಅಂತರ ಮೊದಲಿನಷ್ಟೇ ಇದ್ದು ಎರಡೂ ಒಟ್ಟಿಗೆ ಮೇಲೇರಿವೆಯಾ? ಎಣ್ಣೆ ಸರಿಯಾಗಿ ಹರಿಯುತ್ತಿದೆ, ಗಾಳಿಗೆ ಶಾಖ ಹೋಗುತ್ತಿಲ್ಲ. ಫ್ಯಾನ್ ಮತ್ತು ಕೊಳೆ ನೋಡಿ. ಈ ಒಂದು ಅಳತೆ ನಿಮ್ಮ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಎಣ್ಣೆಯ ಕಡೆ: ಥರ್ಮಲ್ ಕ್ಯಾಮೆರಾದಲ್ಲಿ ಎಲ್ಲ ರೇಡಿಯೇಟರ್ ಸಾಲಾಗಿ ನೋಡಿ. ಒಂದು ಮಾತ್ರ ಮೇಲಿಂದ ಕೆಳಗಿನವರೆಗೆ ತಣ್ಣಗಿದ್ದರೆ ಅದರ ವಾಲ್ವ್ ಮುಚ್ಚಿದೆ. ರಿಪೇರಿ ಮುಗಿಸಿ ಎದ್ದುಹೋಗುವಾಗ ತೆರೆಯಲು ಮರೆತ ವಾಲ್ವ್ ಇರುತ್ತಲ್ವಾ, ಅದೇ. ಹಿಡಿಕೆ ‘ಓಪನ್’ ಕಡೆ ಇದ್ದರೂ ಒಳಗಿನ ಬಿಲ್ಲೆ ಶಾಫ್ಟಿನಿಂದ ಕಳಚಿರಬಹುದು, ಹಾಗಾಗಿ ಹಿಡಿಕೆಗಿಂತ ಕ್ಯಾಮೆರಾವನ್ನು ನಂಬಿ. ಎಲ್ಲ ರೇಡಿಯೇಟರೂ ತಣ್ಣಗಿದ್ದು ಟ್ಯಾಂಕ್ ಮಾತ್ರ ಕುದಿಯುತ್ತಿದ್ದರೆ ಎಣ್ಣೆಯ ಮಟ್ಟ ರೇಡಿಯೇಟರಿನ ಮೇಲಿನ ಬಾಯಿಗಿಂತ ಕೆಳಗೆ ಇಳಿದಿರಬಹುದು. ಹಾಗಾದರೆ ಸಹಜ ಹರಿವು ನಿಂತೇಹೋಗುತ್ತದೆ. ಕನ್ಸರ್ವೇಟರ್ (ಮೇಲಿರುವ ಎಣ್ಣೆಯ ಸಣ್ಣ ಟ್ಯಾಂಕ್) ಗೇಜ್ ಮಟ್ಟ ಸರಿ ಅಂತ ತೋರಿಸುತ್ತಿದ್ದರೂ ಅದರ ಫ್ಲೋಟ್ ಸಿಕ್ಕಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಪಂಪ್ ಮೋಟಾರಿಗೆ ಹೊಸದಾಗಿ ಕೇಬಲ್ ಜೋಡಿಸಿದ್ದರೆ ಫೇಸ್ ಅದಲುಬದಲಾಗಿದೆಯಾ ನೋಡಿ. ಉಲ್ಟಾ ತಿರುಗುವ ಪಂಪ್ ಕೂಡ ಒಂದಿಷ್ಟು ಎಣ್ಣೆ ತಳ್ಳುತ್ತದೆ. ಅದಕ್ಕೇ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಹರಿವಿನ ಗೇಜಿನ ಮುಳ್ಳು ಅಲುಗಾಡುತ್ತಿದ್ದರೆ, ಮೋಟಾರ್ ಕರೆಂಟ್ ಪಕ್ಕದ ಪಂಪಿಗಿಂತ ಬೇರೆ ಇದ್ದರೆ ಅನುಮಾನಿಸಿ. ಹಾಗಂತ ‘ಸುರಕ್ಷಿತವಾಗಿರಲಿ’ ಅಂತ ಎಣ್ಣೆ ತಣ್ಣಗಿರುವಾಗಲೇ ಎಲ್ಲ ಪಂಪ್ ಓಡಿಸುವುದೂ ತಪ್ಪು. ವೇಗವಾಗಿ ಹರಿಯುವ ತಣ್ಣನೆ ಎಣ್ಣೆ ಕಾಗದಕ್ಕೆ ಉಜ್ಜಿ ಸ್ಥಿರ ವಿದ್ಯುತ್ ಹುಟ್ಟಿಸುತ್ತದೆ, ಅದರಿಂದಲೇ ಟ್ರಾನ್ಸ್‌ಫಾರ್ಮರ್ ಸುಟ್ಟ ಉದಾಹರಣೆಗಳಿವೆ.

ಗಾಳಿಯ ಕಡೆ: ಕಲ್ಲಿದ್ದಲು ಪ್ಲಾಂಟಿನಲ್ಲಿ ಬೂದಿ ಮತ್ತು ಕಲ್ಲಿದ್ದಲ ಪುಡಿ ರೆಕ್ಕೆಗಳ ನಡುವೆ ಕೂತು, ಎಣ್ಣೆ ಜಿನುಗಿದ ಕಡೆ ಗಾರೆಯಂತೆ ಗಟ್ಟಿಯಾಗುತ್ತದೆ. ಹೊರಗಿನಿಂದ ಚೊಕ್ಕಟವಾಗಿ ಕಂಡರೂ ಟಾರ್ಚ್ ಬೆಳಕನ್ನು ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆ ಕಾಣುತ್ತದಾ ನೋಡಿ. ಫ್ಯಾನ್ ಓಡುತ್ತಿದೆ ಅಂದ ಮಾತ್ರಕ್ಕೆ ಸಾಲದು, ಗಾಳಿ ಯಾವ ಕಡೆ ಹೋಗುತ್ತಿದೆ? ಕೋಲಿನ ತುದಿಗೆ ರಿಬ್ಬನ್ ಕಟ್ಟಿ, ಗಾರ್ಡಿನಿಂದ ದೂರ ಹಿಡಿದು ನೋಡಿ. ಬೇಸಿಗೆಯಲ್ಲಿ ರೇಡಿಯೇಟರಿಗೆ ನೀರು ಸುರಿಯುವ ಅಭ್ಯಾಸ ಕೆಲವು ಕಡೆ ಇದೆ. ಗಡಸು ನೀರಾದರೆ ಸುಣ್ಣದ ಪದರ ಕೂತು ಮುಂದಿನ ಬೇಸಿಗೆ ಇನ್ನೂ ಕಷ್ಟವಾಗುತ್ತದೆ.

ಜಲವಿದ್ಯುತ್ ಕೇಂದ್ರಗಳಲ್ಲಿ ಸಾಮಾನ್ಯವಾದ ನೀರಿನ ಕೂಲರಿಗೂ ಇದೇ ತರ್ಕ. ನೀರು ಒಳಬರುವಾಗಿನ ಮತ್ತು ಹೊರಹೋಗುವಾಗಿನ ಬಿಸಿಯ ಅಂತರ ಜಾಸ್ತಿಯಾಗಿದ್ದರೆ ನೀರು ಸಾಲುತ್ತಿಲ್ಲ. ಅಂತರ ಸರಿಯಿದ್ದು ಎಣ್ಣೆ ಮಾತ್ರ ಬಿಸಿಯಾಗಿದ್ದರೆ ಟ್ಯೂಬಿನೊಳಗೆ ಪಾಚಿಯೋ ಸುಣ್ಣವೋ ಕೂತಿದೆ.

ಹಂತ 5: ಹೊರಮೈಯ ಉರಿ

ಇನ್ನು ಒಂದೇ ಜಾಗದ ಬಿಸಿ. ಕ್ಯಾಮೆರಾ ಹಿಡಿದು ಬುಷಿಂಗ್ (ಟ್ಯಾಂಕಿನಿಂದ ಕರೆಂಟನ್ನು ಹೊರತರುವ ಇನ್ಸುಲೇಟರ್) ತುದಿಗಳು, ಎಲ್‌ವಿ ಕಡೆಯ ಬಸ್‌ಡಕ್ಟ್ (ಜನರೇಟರಿನಿಂದ ಬರುವ ದಪ್ಪ ವಾಹಕದ ಕೊಳವೆ) ಫ್ಲೇಂಜ್, ಬುಷಿಂಗ್ ಕೂರುವ ಟರೆಟ್, ಟ್ಯಾಂಕ್ ಮುಚ್ಚಳದ ಬೋಲ್ಟ್ ನೋಡಿ. ಮೂರು ಫೇಸನ್ನೂ ಒಂದಕ್ಕೊಂದು ಹೋಲಿಸಿ, ಕ್ಯಾಮೆರಾದ ಅಂಕಿಗಿಂತ ಈ ವ್ಯತ್ಯಾಸವೇ ಹೆಚ್ಚು ನಂಬಿಕೆಗೆ ಅರ್ಹ. ಹೊಳೆಯುವ ಅಲ್ಯೂಮಿನಿಯಂ ಕ್ಯಾಮೆರಾಗೆ ಇರುವುದಕ್ಕಿಂತ ತಣ್ಣಗೆ ಕಾಣುತ್ತದೆ. ಲೋಡ್ ಕಡಿಮೆ ಇರುವಾಗ, ಗಾಳಿ ಜೋರಾಗಿ ಬೀಸುವಾಗ ತೆಗೆದ ಚಿತ್ರವನ್ನೂ ನಂಬಬೇಡಿ.

ಎಲ್‌ವಿ ಬುಷಿಂಗ್ ಸುತ್ತ ಸಾವಿರಾರು ಆಂಪಿಯರಿನ ಕಾಂತಕ್ಷೇತ್ರ ಇರುವುದರಿಂದ ಹತ್ತಿರದ ಉಕ್ಕಿನಲ್ಲಿ ಸುಳಿ ಕರೆಂಟ್ ಹುಟ್ಟುತ್ತದೆ. ಎರಡು ಫ್ಲೇಂಜಿನ ನಡುವೆ ಗ್ಯಾಸ್ಕೆಟ್ ಇದ್ದರೆ ಆ ಕರೆಂಟ್ ದಾಟಲು ಇರುವುದು ಬೋಲ್ಟ್ ಮಾತ್ರ. ಬಣ್ಣ ಸುಟ್ಟ ಒಂದೆರಡು ಬೋಲ್ಟ್ ಕಂಡರೆ, ಫ್ಲೇಂಜ್ ದಾಟಿಸುವ ತಾಮ್ರದ ಪಟ್ಟಿ ಸಡಿಲಾಗಿದೆಯಾ, ಯಾರಾದರೂ ಬಿಚ್ಚಿಟ್ಟಿದ್ದಾರಾ ನೋಡಿ. ಇದನ್ನು ಉಪೇಕ್ಷಿಸಿದರೆ ಮೊದಲು ಗ್ಯಾಸ್ಕೆಟ್ ಸುಡುತ್ತದೆ, ಆಮೇಲೆ ಎಣ್ಣೆ ಸೋರುತ್ತದೆ.

ಹಂತ 6: ಎಣ್ಣೆಯಲ್ಲಿ ಕರಗಿದ ಗ್ಯಾಸ್

ಒಳಗಿನ ಉರಿಗೆ ಸಾಕ್ಷಿ ಡಿಜಿಎ, ಅಂದರೆ ಎಣ್ಣೆಯಲ್ಲಿ ಕರಗಿದ ಗ್ಯಾಸಿನ ವಿಶ್ಲೇಷಣೆ. ಗಾಜಿನ ಸಿರಿಂಜಿನಲ್ಲಿ, ಗುಳ್ಳೆ ಇಲ್ಲದಂತೆ, ವಾಲ್ವಿನಲ್ಲಿ ನಿಂತ ಹಳೆ ಎಣ್ಣೆಯನ್ನು ಚೆನ್ನಾಗಿ ಹರಿಯಬಿಟ್ಟು ಸ್ಯಾಂಪಲ್ ತೆಗೆಯಿರಿ. ಬೆಳಕಿಗೆ ಇಡಬೇಡಿ. ಪಂಪ್ ಹೀರುವ ಕಡೆಯ ವಾಲ್ವಿನಿಂದ ತೆಗೆಯಲೇಬೇಡಿ, ಗಾಳಿ ಒಳಗೆ ಎಳೆದುಕೊಳ್ಳುವ ಅಪಾಯ ಇದೆ.

ರಿಪೋರ್ಟ್ ಓದುವುದು ಹೀಗೆ. ಬಿಸಿ ಕಡಿಮೆ ಇದ್ದರೆ ಮೀಥೇನ್, ಈಥೇನ್. ಏರುತ್ತಿದ್ದಂತೆ ಎಥಿಲೀನ್. ಅಸಿಟಿಲೀನ್ ತುಂಬ ಇದ್ದರೆ ಅದು ಬಿಸಿಯಲ್ಲ, ಕಿಡಿ. ಹೈಡ್ರೋಜನ್ 90, ಮೀಥೇನ್ 180, ಈಥೇನ್ 70, ಎಥಿಲೀನ್ 310, ಅಸಿಟಿಲೀನ್ 4 ಪಿಪಿಎಂ ಬಂದಿದೆ ಅಂದುಕೊಳ್ಳಿ. ಐಇಸಿ 60599ರ ಮೂರು ಅನುಪಾತ ಹಾಕೋಣ. ಮೀಥೇನ್ ಹೈಡ್ರೋಜನ್‌ನ 2 ಪಟ್ಟು, ಅಂದರೆ 1ಕ್ಕಿಂತ ಜಾಸ್ತಿ. ಎಥಿಲೀನ್ ಈಥೇನ್‌ನ 4.4 ಪಟ್ಟು, 4ಕ್ಕಿಂತ ಜಾಸ್ತಿ. ಅಸಿಟಿಲೀನ್ ಎಥಿಲೀನ್‌ನ ಎದುರು 0.01, ತೀರಾ ಕಡಿಮೆ. ಇದು ಟಿ3: ಎಲ್ಲೋ ಒಂದು ಜಾಗ 700 ಡಿಗ್ರಿ ದಾಟಿದೆ. ಡುವಾಲ್ ತ್ರಿಕೋನದಲ್ಲಿ (ಮೀಥೇನ್, ಎಥಿಲೀನ್, ಅಸಿಟಿಲೀನ್ ಮೂರರ ಪಾಲಿನಿಂದ ದೋಷ ಗುರುತಿಸುವ ನಕ್ಷೆ) ಇಟ್ಟರೂ ಎಥಿಲೀನ್ 63 ಶೇಕಡಾ ಬಂದು ಅದೇ ಉತ್ತರ. ಈ ಹೊತ್ತಿನಲ್ಲಿ ಎಣ್ಣೆ ಗೇಜ್ ಆರಾಮಾಗಿ 60 ತೋರಿಸುತ್ತಿರಬಹುದು.

ಕಾರ್ಬನ್ ಮಾನಾಕ್ಸೈಡ್ ಏರಿಲ್ಲವಾದರೆ ಉರಿ ಬರಿಯ ಲೋಹದ ಮೇಲೆ ಇರುವ ಸಾಧ್ಯತೆ ಜಾಸ್ತಿ. ಅದು ವೇಗವಾಗಿ ಏರಿ, ಕಾರ್ಬನ್ ಡೈಆಕ್ಸೈಡ್ ಅದರ ಮೂರು ಪಟ್ಟಿಗಿಂತ ಕಡಿಮೆ ಇದ್ದರೆ ಕಾಗದ ಕರಕಲಾಗುತ್ತಿರಬಹುದು. ಆಗ ಫ್ಯೂರಾನ್ (ಕಾಗದ ಹಾಳಾದಾಗ ಎಣ್ಣೆಗೆ ಸೇರುವ ವಸ್ತು) ಪರೀಕ್ಷೆಯನ್ನೂ ಮಾಡಿಸಿ.

ಒಂದೇ ರಿಪೋರ್ಟಿನಿಂದ ತೀರ್ಮಾನ ಬೇಡ. ಇನ್ನೊಂದು ಸ್ಯಾಂಪಲ್ ತೆಗೆದು ಏರಿಕೆಯ ವೇಗ ನೋಡಿ. ವರ್ಷಗಳಿಂದ ಹಾಗೇ ನಿಂತ 300 ಪಿಪಿಎಂಗಿಂತ ವಾರದಲ್ಲಿ 40ರಿಂದ 120ಕ್ಕೆ ಹಾರಿದ್ದು ದೊಡ್ಡ ಸುದ್ದಿ. ಆನ್‌ಲೋಡ್ ಟ್ಯಾಪ್ ಚೇಂಜರ್ (ಚಾಲೂ ಇರುವಾಗಲೇ ವೋಲ್ಟೇಜ್ ಹೊಂದಿಸುವ ಸ್ವಿಚ್) ಇದ್ದರೆ ಅದರ ಎಣ್ಣೆ ಮುಖ್ಯ ಟ್ಯಾಂಕಿಗೆ ಸೋರಿ ಸುಳ್ಳು ಅಸಿಟಿಲೀನ್ ತೋರಿಸುವುದೂ ಉಂಟು.

ಇಲ್ಲಿ ಒಂದು ಪ್ರಯೋಗ ಮಾಡಿ ನೋಡಿ. ಗ್ರಿಡ್ ಒಪ್ಪಿದರೆ ವೋಲ್ಟೇಜ್ ಹಾಗೇ ಇಟ್ಟು ಕೆಲವು ದಿನ ಲೋಡ್ ಇಳಿಸಿ. ಗ್ಯಾಸ್ ಏರುವುದು ನಿಂತರೆ ತೊಂದರೆ ಕರೆಂಟಿನ ದಾರಿಯಲ್ಲಿ: ಲೀಡ್ ಜಾಯಿಂಟ್, ಟ್ಯಾಪ್ ಚೇಂಜರ್ ಕಾಂಟ್ಯಾಕ್ಟ್, ಬುಷಿಂಗಿನ ಕೆಳತುದಿ. ಲೋಡಿನ ಸೋರಿಕೆ ಫ್ಲಕ್ಸಿನಿಂದ ಕಾಯುವ ಉಕ್ಕೂ ಇದೇ ಗುಂಪು. ಲೋಡ್ ಇಳಿದರೂ ಗ್ಯಾಸ್ ಏರುತ್ತಲೇ ಇದ್ದರೆ ಕೋರ್ ಕಡೆ ನೋಡಿ.

ಹಂತ 7: ಯೂನಿಟ್ ನಿಲ್ಲಿಸಿ ಅಳೆಯುವುದು

ಕರೆಂಟಿನ ದಾರಿಯ ಅನುಮಾನ ಇದ್ದರೆ ಡಿಸಿ ವೈಂಡಿಂಗ್ ರೆಸಿಸ್ಟೆನ್ಸ್. ತಾಮ್ರಕ್ಕೆ 75 ಡಿಗ್ರಿಯ ಬೆಲೆ ಬೇಕಾದರೆ ಅಳೆದದ್ದನ್ನು 310ರಿಂದ ಗುಣಿಸಿ, 235ಕ್ಕೆ ವೈಂಡಿಂಗಿನ ಬಿಸಿ ಸೇರಿಸಿ ಬಂದ ಮೊತ್ತದಿಂದ ಭಾಗಿಸಿ. ಎಚ್‌ವಿ (ಹೆಚ್ಚು ವೋಲ್ಟೇಜ್) ಕಡೆ 0.412, 0.4125, 0.426 ಓಂ ಬಂದರೆ ಮೂರನೆಯದು 3.4 ಶೇಕಡಾ ಜಾಸ್ತಿ. ಫೇಸುಗಳ ನಡುವೆ 2 ಶೇಕಡಾ ದಾಟಿದರೆ ಸಾಮಾನ್ಯವಾಗಿ ಕಾರಣ ಹುಡುಕಲೇಬೇಕು. ಜನರೇಟರ್ ಟ್ರಾನ್ಸ್‌ಫಾರ್ಮರಿನ ಆಫ್-ಸರ್ಕ್ಯೂಟ್ ಟ್ಯಾಪ್ ಸ್ವಿಚ್ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತಿರುತ್ತದೆ, ಕಾಂಟ್ಯಾಕ್ಟಿನ ಮೇಲೆ ಕರಿ ಪದರ ಬೆಳೆಯುತ್ತದೆ. ಹಿಂದೆಮುಂದೆ ಕೆಲವು ಸಲ ಆಡಿಸಿ ಮತ್ತೆ ಅಳೆಯಿರಿ. ರೆಸಿಸ್ಟೆನ್ಸ್ ಇಳಿದರೆ ಕಳ್ಳ ಸಿಕ್ಕಿದ. ಪದರ ಗಟ್ಟಿಯಾಗಿ ಕಾಂಟ್ಯಾಕ್ಟ್ ತೂತುಬಿದ್ದಿದ್ದರೆ ಆಡಿಸುವುದು ತಾತ್ಕಾಲಿಕ ಅಷ್ಟೆ. ಆಡಿಸಿದ ಮೇಲೆ ಸ್ವಿಚ್ ಮೊದಲಿನ ಜಾಗಕ್ಕೇ ಬಂತಾ ಅಂತ ರೇಶಿಯೋ ಟೆಸ್ಟ್ (ಎರಡೂ ಕಡೆಯ ಸುತ್ತುಗಳ ಅನುಪಾತದ ಪರೀಕ್ಷೆ) ಮಾಡಿ ಖಾತ್ರಿಪಡಿಸಿಕೊಳ್ಳಿ.

ಕೋರ್ ಕಡೆ ಅನುಮಾನ ಇದ್ದರೆ ಕೋರಿನ ಅರ್ತ್ ಲಿಂಕ್ ಬಿಚ್ಚಿ ಮೆಗ್ಗರ್ (ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆಯುವ ಮೀಟರ್) ಹಾಕಿ. ಕೋರನ್ನು ಒಂದೇ ಕಡೆ ಅರ್ತ್ ಮಾಡಿರುತ್ತಾರೆ. ಲಿಂಕ್ ಬಿಚ್ಚಿದ ಮೇಲೂ ರೆಸಿಸ್ಟೆನ್ಸ್ ಸೊನ್ನೆ ಹತ್ತಿರ ಇದ್ದರೆ ಒಳಗೆ ಎರಡನೇ ಅರ್ತ್ ಆಗಿದೆ, ಆ ಸುತ್ತಿನಲ್ಲಿ ಕರೆಂಟ್ ಹರಿಯುತ್ತಿದೆ. ಲಿಂಕ್ ಹೊರಗೆ ಬಂದಿರುವ ಟ್ರಾನ್ಸ್‌ಫಾರ್ಮರಿನಲ್ಲಿ ಚಾಲೂ ಇರುವಾಗಲೇ ಕ್ಲಾಂಪ್ ಮೀಟರಿನಿಂದ ಮುನ್ಸೂಚನೆ ಸಿಗುತ್ತದೆ. ಮಿಲಿಆಂಪಿಯರ್ ಇರಬೇಕಾದ ಕಡೆ ಆಂಪಿಯರ್ ಇದ್ದರೆ ವಿಷಯ ಸ್ಪಷ್ಟ. ಚಾಲೂ ಇರುವಾಗ ಲಿಂಕ್ ಮಾತ್ರ ಬಿಚ್ಚಬೇಡಿ.

ಇಷ್ಟಾದ ಮೇಲೆ ಟ್ಯಾಂಕ್ ತೆರೆದು ಒಳಗೆ ನೋಡುವ ತೀರ್ಮಾನಕ್ಕೆ ಅರ್ಥ ಇದೆ. ಯಾಕಂದರೆ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ. ಗೊತ್ತಿಲ್ಲದೆ ತೆರೆದರೆ ಕಾಗದಕ್ಕೆ ತೇವ ಸೇರಿಸಿ ಮುಚ್ಚಿದ್ದೊಂದೇ ಲಾಭ.

ರಿಪೇರಿ ಆದ ಮೇಲೆ

ಹಂತ 2ರ ಲೆಕ್ಕವನ್ನು ಮತ್ತೆ ಹಾಕಿ, ಗೇಜಿನ ಜೊತೆ ಹೋಲಿಸಿ ಬರೆದಿಡಿ. ರೇಡಿಯೇಟರಿನ ಮೇಲೆ-ಕೆಳಗಿನ ಬಿಸಿಯನ್ನೂ ಲೋಡಿನ ಜೊತೆ ಬರೆದಿಡಿ. ಎಣ್ಣೆಯ ಗ್ಯಾಸ್ ತೆಗೆಸಿದ್ದರೆ ಮೊದಲ ಕೆಲವು ವಾರ ಗ್ಯಾಸ್ ಸ್ವಲ್ಪ ಏರುತ್ತದೆ. ಕಾಗದದೊಳಗೆ ಉಳಿದ ಹಳೆಯ ಎಣ್ಣೆಯಿಂದ ಗ್ಯಾಸ್ ನಿಧಾನವಾಗಿ ಹೊರಬರುತ್ತಿರುತ್ತದೆ, ಅದನ್ನು ಹೊಸ ದೋಷ ಅಂತ ಓದಬೇಡಿ. ಚಾಲೂ ಮಾಡಿದ ಮರುದಿನ ಒಂದು, ವಾರಕ್ಕೆ ಒಂದು, ತಿಂಗಳಿಗೆ ಒಂದು ಸ್ಯಾಂಪಲ್ ತೆಗೆಯಿರಿ. ಹಳೆ ಗ್ಯಾಸ್ ಆದರೆ ಏರಿಕೆ ನಿಧಾನವಾಗಿ ಸಮತಟ್ಟಾಗುತ್ತದೆ, ಗ್ಯಾಸುಗಳ ಅನುಪಾತ ಮೊದಲಿನ ಹಾಗೇ ಉಳಿಯುತ್ತದೆ. ಸಮತಟ್ಟಾಗದೆ ಎಥಿಲೀನ್ ಏರುತ್ತಲೇ ಇದ್ದರೆ ಹಂತ 6ಕ್ಕೆ ವಾಪಸ್ ಹೋಗಿ.